ಹೇಳಿಕೊಡದೆ ಕಲಿತದ್ದು: ನಿಮ್ಮ ನಾಯಿಗೆ ನಿಮ್ಮ ಮನೆಯ ಯಾವ ಗುಟ್ಟು ಗೊತ್ತು?

ಗಿರಿನಗರದ ಕೆಂಚನ ಮನೆ

ಎಲ್ಲರಿಗೂ ನಮಸ್ಕಾರ. ನಾಯಿ ಸಾಕಿದವರಿಗೆಲ್ಲಾ ಒಂದು ಪ್ರಶ್ನೆ. "ಕೂತ್ಕೋ", "ಬಾ", "ಕೈ ಕೊಡು" ಇವನ್ನೆಲ್ಲಾ ನಾವು ಹೇಳಿಕೊಡುತ್ತೇವೆ. ಅದು ಬಿಡಿ. ಯಾರೂ ಹೇಳಿಕೊಡದೆ, ನಮ್ಮ ಜೊತೆ ಇದ್ದೂ ಇದ್ದೂ ನಿಮ್ಮ ನಾಯಿ ತಾನಾಗಿ ಕಲಿತದ್ದು ಏನು?

ನಮ್ಮ ಕೆಂಚ ನಾಟಿ ನಾಯಿ. ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿದೆ. ಅಡುಗೆಮನೆಯ ಒಂದೊಂದು ಸದ್ದೂ ಅವನಿಗೆ ಗೊತ್ತು. ಕುಕ್ಕರ್ ಎಷ್ಟು ಕೂಗಿದರೂ ಕಣ್ಣು ಬಿಡುವುದಿಲ್ಲ. ಮಿಕ್ಸಿ ಹಾಕಿದರೆ ಎದ್ದು ಆಚೆ ಹೋಗುತ್ತಾನೆ. ಆದರೆ ಅಮ್ಮ ಈಳಿಗೆಮಣೆ ಹಾಕಿಕೊಂಡು ತೆಂಗಿನಕಾಯಿ ತುರಿಯಲು ಕೂತರೆ, ಮೊದಲ ಕರಕರ ಸದ್ದಿಗೇ ಮಹಡಿಯಿಂದ ಇಳಿದು ಹಾಜರ್. ಬಂದವನು ಒಳಗೆ ನುಗ್ಗುವುದಿಲ್ಲ. ಹೊಸ್ತಿಲ ಆಚೆ ನಿಂತು ಮುಂಗಾಲಿನ ಉಗುರಷ್ಟನ್ನೇ ಹೊಸ್ತಿಲ ಮೇಲೆ ಇಡುತ್ತಾನೆ. ಅಮ್ಮ ತಲೆ ಎತ್ತದಿದ್ದರೆ ಉಗುರು ಒಂದಿಂಚು ಮುಂದೆ ಬರುತ್ತದೆ. ಅಮ್ಮ ನೋಡಿದರೆ ಒಂದಿಂಚು ಹಿಂದೆ. ಹೋಳು ಪೂರ್ತಿ ಖಾಲಿಯಾಗುವವರೆಗೂ ಇದೇ ನಡೆಯುತ್ತದೆ. ಕೊನೆಗೆ ಚಿಪ್ಪಿನ ತಳದ ಒಂದು ಚಿಟಿಕೆ ತುರಿ ಅವನ ಪಾಲು.

ಹಬ್ಬದ ದಿನ ಅಮ್ಮ ಮಡಿಯಲ್ಲಿರುತ್ತಾರೆ. ಅವತ್ತು ಮಾತ್ರ ಈಳಿಗೆಮಣೆ ಸದ್ದು ಕೇಳಿದರೂ ಹೊಸ್ತಿಲ ಹತ್ತಿರ ಬರುವುದಿಲ್ಲ. ನಡುಮನೆಯಲ್ಲೇ ಗಲ್ಲ ನೆಲಕ್ಕೆ ಇಟ್ಟು ಕಾಯುತ್ತಾನೆ. ಯಾರು ಹೇಳಿದರು ಇವನಿಗೆ?

ನನ್ನ ಅನಿಸಿಕೆ ಇಷ್ಟೇ. ನಾವು ನಾಯಿಯನ್ನು ನೋಡುವುದಕ್ಕಿಂತ ಜಾಸ್ತಿ ಅದು ನಮ್ಮನ್ನು ನೋಡುತ್ತದೆ. ಒಡನಾಟ ಅಂದರೆ ಅದೇ ಅಲ್ವಾ? ನಿಮ್ಮ ಮನೆಯದ್ದೂ ಹೇಳಿ.

ಮಲ್ಲೇಶ್ವರಂ ಅಡ್ಡರಸ್ತೆ

ನಮ್ಮ ಚಿನ್ನುಗೆ ದೇವಸ್ಥಾನದ ಜಾಗಟೆ. ಸಂಜೆ ಮಂಗಳಾರತಿಗೆ ಜಾಗಟೆ ಶುರುವಾದ ಕೂಡಲೇ ಬಾಲ್ಕನಿಗೆ ಹೋಗಿ, ಮೂತಿ ಮೇಲೆತ್ತಿ, ಉದ್ದಕ್ಕೆ ರಾಗ ಎಳೆಯುತ್ತಾಳೆ. ಜಾಗಟೆ ನಿಂತರೆ ಇವಳೂ ನಿಲ್ಲಿಸುತ್ತಾಳೆ. ಬೊಗಳುವ ದನಿಯೇ ಬೇರೆ, ಇದೇ ಬೇರೆ. ಪಕ್ಕದ ಮನೆ ಅಜ್ಜಿ ಈಗ ಜಾಗಟೆ ಕೇಳಿಸದಿದ್ದರೂ ಚಿನ್ನು ದನಿ ಕೇಳಿ ದೀಪ ಹಚ್ಚುತ್ತಾರೆ.

ಇನ್ನೊಂದು. ಮನೆಗೆ ನೆಂಟರು ಬಂದರೆ ಅವರ ಚಪ್ಪಲಿಯಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಹೋಗಿ ಮಂಚದ ಕೆಳಗೆ ಇಡುತ್ತಾಳೆ. ಕಚ್ಚುವುದಿಲ್ಲ, ಹರಿಯುವುದಿಲ್ಲ. ಅವಳಿಗೆ ಇಷ್ಟವಾದವರದ್ದು ಮಾತ್ರ ಹೋಗುತ್ತದೆ. ನಮ್ಮ ಸೋದರತ್ತೆ ಹೊರಡುವಾಗ ಪ್ರತಿ ಸಲ ಮಂಚದ ಕೆಳಗೆ ಕೈ ಹಾಕಲೇಬೇಕು. "ಈ ಮನೇಲಿ ನನ್ನ ಉಳಿಸಿಕೊಳ್ಳೋಕೆ ಇವಳೊಬ್ಬಳು ಇದಾಳೆ" ಅನ್ನುತ್ತಾರೆ.

ವಿಜಯನಗರದ ನಿವೃತ್ತ ಮೇಷ್ಟ್ರು

ನನ್ನದು ಸ್ವಲ್ಪ ಉದ್ದ. ದಯವಿಟ್ಟು ಓದಿ.

ಕೆಲಸದಲ್ಲಿದ್ದಾಗ ನಮ್ಮ ಬೀದಿಯಲ್ಲಿ ನನಗೆ ಗೊತ್ತಿದ್ದವರು ಎರಡು ಮೂರು ಮನೆಯವರು. ಬೆಳಿಗ್ಗೆ ಹೊರಟರೆ ಕತ್ತಲಾದ ಮೇಲೆ ವಾಪಸ್. ನಿವೃತ್ತಿಯಾದ ಮೇಲೆ ಶುಗರ್ ಬಂತು. ಡಾಕ್ಟರು ನಡೆಯಿರಿ ಅಂದರು. ಒಬ್ಬನೇ ನಡೆಯುವುದು ಅಂದರೆ ನನಗೆ ಆಗದ ಕೆಲಸ. ಮಗ ಒಂದು ಲ್ಯಾಬ್ರಡಾರ್ ಮರಿ ತಂದುಕೊಟ್ಟ. ರಾಜಾ ಅಂತ ಹೆಸರಿಟ್ಟೆವು.

ರಾಜಾ ಬೆಳಿಗ್ಗೆ ಐದೂವರೆಗೆ ಮಂಚದ ಪಕ್ಕ ಬಂದು ನಿಲ್ಲುತ್ತಾನೆ. ಬೊಗಳುವುದಿಲ್ಲ. ಮೂಗನ್ನು ನನ್ನ ಅಂಗೈಗೆ ಒತ್ತುತ್ತಾನೆ, ತಣ್ಣಗೆ. ಏಳದಿದ್ದರೆ ಹೊದಿಕೆಯ ತುದಿ ಹಿಡಿದು ಎಳೆಯುತ್ತಾನೆ. ಮಳೆ, ಚಳಿ, ಭಾನುವಾರ ಯಾವುದೂ ಅವನಿಗೆ ಲೆಕ್ಕಕ್ಕಿಲ್ಲ.

ದಾರಿಯಲ್ಲಿ ಅವನು ನಿಲ್ಲುವ ಕಡೆಯೆಲ್ಲಾ ನಾನೂ ನಿಲ್ಲಬೇಕು. ಹೂವಿನವರ ಗಾಡಿ ಹತ್ತಿರ ಒಮ್ಮೆ. ಹಾಲಿನ ಬೂತಿನ ಮುಂದೆ ಒಮ್ಮೆ. ಇಸ್ತ್ರಿ ಅಂಗಡಿಯವರು ಕೆಂಡ ಊದುವಾಗ ಅಲ್ಲಿ ಕೂತು ನೋಡಲೇಬೇಕು. ನಿಂತ ಮೇಲೆ ಮಾತಾಡದೆ ಇರಲು ಆಗುತ್ತದೆಯೇ? ಇಸ್ತ್ರಿಯವರ ಮಗಳು ಪಿಯುಸಿಯಲ್ಲಿ ಲೆಕ್ಕಕ್ಕೆ ಕಷ್ಟಪಡುತ್ತಿದ್ದಾಳೆ ಅಂತ ಗೊತ್ತಾದದ್ದು ಹಾಗೆ. ಈಗ ಸಂಜೆ ಹೊತ್ತು ಮನೆಗೆ ಬಂದು ಹೇಳಿಸಿಕೊಂಡು ಹೋಗುತ್ತಾಳೆ. ರಾಜಾ ಅವಳ ಪುಸ್ತಕದ ಮೇಲೆ ತಲೆ ಇಟ್ಟು ಮಲಗುತ್ತಾನೆ. ಪುಟ ತಿರುಗಿಸಬೇಕಾದರೆ ಅವಳು ಮೊದಲು ಅವನ ತಲೆ ಎತ್ತಬೇಕು.

ಬೀದಿಯಲ್ಲಿ ಅರ್ಧ ಜನಕ್ಕೆ ನನ್ನ ಹೆಸರು ಗೊತ್ತಿಲ್ಲ. ಮಕ್ಕಳಿಗೆಲ್ಲಾ ನಾನು "ರಾಜಾನ ತಾತ". ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಈ ಹೆಸರು ಬಹಳ ಇಷ್ಟವಾಗಿದೆ.

ಹೊರಮಾವು ಆರನೇ ಮಹಡಿ

ಮೇಷ್ಟ್ರೇ, ನಿಮ್ಮ ಬರಹವನ್ನು ನನ್ನ ಮಗನಿಗೆ ಓದಿ ಹೇಳಿದೆ. ಅವನಂತೂ ಈಗಲೇ ನಾಯಿ ತರೋಣ ಅಂತ ಕೂತಿದ್ದಾನೆ.

ನಮ್ಮದು ಫ್ಲ್ಯಾಟು. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗನಿಗೆ ಒಂಬತ್ತು ವರ್ಷ. ಅವನಿಗೆ ಹಸ್ಕಿ ಬೇಕಂತೆ, ನೀಲಿ ಕಣ್ಣಿನದ್ದು. ಸಾಕಿದವರು ಯಾರಾದರೂ ಇದ್ದರೆ ಹೇಳಿ. ಬೆಂಗಳೂರು ತಣ್ಣಗಿರುವ ಊರು, ಪರವಾಗಿಲ್ಲ ಅಂತ ಮಾರುವವರು ಹೇಳುತ್ತಾರೆ. ನಿಜವೇ?

ಬಾಗಲಕೋಟೆಯಿಂದ ಯಲಹಂಕಕ್ಕೆ

ಬೇಡ ಅಕ್ಕಾ. ಹಸ್ಕಿ ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ತಳಿ. ಮೈಮೇಲೆ ಎರಡು ಪದರ ಕೂದಲು. ಬೆಂಗಳೂರು ತಣ್ಣಗಿತ್ತು ಅನ್ನುವುದು ಹಳೇ ಮಾತು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಮುಟ್ಟಿತ್ತು. ಆ ಬಿಸಿಲಲ್ಲಿ ಆರನೇ ಮಹಡಿಯ ಬಾಲ್ಕನಿಯಲ್ಲಿ ಹಸ್ಕಿ ಏನು ಮಾಡಬೇಕು?

ನಾನು ಮುಧೋಳದ ಹತ್ತಿರದವನು. ನಮ್ಮ ಕಡೆ ಹೊಲದ ಮನೆಗಳಲ್ಲಿ ಮುಧೋಳ ನಾಯಿ ಸಾಮಾನ್ಯ. ಉದ್ದ ಕಾಲು, ಸಣ್ಣ ಸೊಂಟ, ಮೊಲದ ಹಿಂದೆ ಬಿಟ್ಟರೆ ಕಣ್ಣಿಗೆ ಕಾಣಿಸುವುದಿಲ್ಲ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ನಾಯಿಗಳಿಗೆಂದೇ ಸಂಶೋಧನಾ ಕೇಂದ್ರ ಇದೆ. ನಮಗೆ ಅದು ಹೆಮ್ಮೆಯ ವಿಷಯ.

ಆದರೂ ನಿಮಗೆ ಮುಧೋಳ ತನ್ನಿ ಅಂತ ನಾನು ಹೇಳುವುದಿಲ್ಲ. ಅದು ಓಡುವುದಕ್ಕೇ ಹುಟ್ಟಿದ್ದು. ಹೊಲ ಬೇಕು, ಬಯಲು ಬೇಕು. ನಾನೇ ಯಲಹಂಕದ ಬಾಡಿಗೆ ಮನೆಗೆ ತರಲಿಲ್ಲ. ಊರಿನಲ್ಲಿ ಅಪ್ಪನ ಜೊತೆ ಬಿಟ್ಟಿದ್ದೇನೆ. ಊರಿಗೆ ಹೋದಾಗ ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆದು ಬರುವ ದಾರಿಯಲ್ಲಿ, ಮನೆ ಇನ್ನೂ ಕಾಣುವ ಮೊದಲೇ, ಜೋಳದ ಹೊಲ ಸೀಳಿಕೊಂಡು ಬರುತ್ತಾನೆ. ಅಪ್ಪನಿಗೆ ನಾನು ಬರುವುದು ಗೊತ್ತಾಗುವುದೇ ಅವನು ಓಡಿದ್ದು ನೋಡಿ.

ಪಶುವೈದ್ಯೆ, ಹೆಬ್ಬಾಳದಲ್ಲಿ ಓದಿದವಳು

ಯಲಹಂಕದವರು ಹೇಳಿದ್ದು ಸರಿ. ನಾಯಿಗೆ ನಮ್ಮಂತೆ ಮೈಯೆಲ್ಲಾ ಬೆವರುವುದಿಲ್ಲ. ಬೆವರುವುದು ಪಾದದ ಮೆತ್ತೆಯಲ್ಲಿ ಅಷ್ಟೇ. ನಾಲಿಗೆ ಚಾಚಿ ತೇಕುವುದೇ ಅದಕ್ಕಿರುವ ಮುಖ್ಯ ದಾರಿ. ಅದಕ್ಕೇ ಮೂತಿ ಚಪ್ಪಟೆಯಾದ ನಾಯಿಗಳಿಗೆ ಬೇಸಿಗೆ ಬಹಳ ಕಷ್ಟ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಪಗ್ ನಾಯಿಯ ಜಾಹೀರಾತು ಬಂದ ಮೇಲೆ ಎಲ್ಲರಿಗೂ ಪಗ್ ಬೇಕಾಯಿತು. ಆ ಮುದ್ದು ಮುಖದ ಹಿಂದೆ ಕಿರಿದಾದ ಮೂಗಿನ ಹೊಳ್ಳೆ, ಉಸಿರಿನ ತೊಂದರೆ ಇದೆ. ನಿದ್ದೆಯಲ್ಲಿ ಗೊರಕೆ ಹೊಡೆದರೆ ನಾವು ನಗುತ್ತೇವೆ. ಅದು ಉಸಿರಿಗೆ ಒದ್ದಾಡುತ್ತಿರುತ್ತದೆ.

ಬಿಸಿಲಿಗೆ ಒಂದು ಸುಲಭದ ಪರೀಕ್ಷೆ. ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಹಿಡಿಯಿರಿ. ಐದಾರು ಸೆಕೆಂಡು ತಡೆಯಲು ಆಗದಿದ್ದರೆ ನಾಯಿಯನ್ನು ನಡೆಸಬೇಡಿ.

ಈಗ ಕೆಂಚನ ಮನೆಯವರ ಪ್ರಶ್ನೆಗೆ ಬರುತ್ತೇನೆ. ಹೇಳಿಕೊಡದೆ ಹೇಗೆ ಕಲಿಯುತ್ತದೆ? ವಾಸನೆ, ಸದ್ದು, ನಮ್ಮ ಅಭ್ಯಾಸ, ಈ ಮೂರೂ ಸೇರಿ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50-60 ಲಕ್ಷ. ನಾಯಿಗೆ ತಳಿಗೆ ತಕ್ಕಂತೆ 10 ಕೋಟಿಯಿಂದ 30 ಕೋಟಿ. ಮಡಿ ಸೀರೆಯ ವಾಸನೆ, ಊದುಬತ್ತಿ, ಬೇಗ ಎದ್ದ ಗಡಿಬಿಡಿ, ಎಲ್ಲಾ ಸೇರಿ "ಇವತ್ತು ಬೇರೆ ದಿನ" ಅಂತ ಕೆಂಚನಿಗೆ ತಿಳಿಯುತ್ತದೆ.

ಕಣ್ಣಿನದ್ದೂ ಒಂದಿದೆ. 2015ರಲ್ಲಿ ಜಪಾನಿನ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಯಿ ಮತ್ತು ಸಾಕಿದವರು ಒಬ್ಬರನ್ನೊಬ್ಬರು ತುಂಬಾ ಹೊತ್ತು ನೋಡಿದಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಹೆಚ್ಚಾಗುತ್ತದೆ ಅಂತ. ತಾಯಿ ಮಗುವಿನ ನಡುವೆ ಕೆಲಸ ಮಾಡುವ ಹಾರ್ಮೋನು ಅದೇ. ಸಾಕಿದ ತೋಳಗಳಲ್ಲಿ ಹೀಗೆ ಆಗಲಿಲ್ಲ.

ಹೊರಮಾವಿನವರೇ, ತಳಿ ಯಾವುದು ಅನ್ನುವುದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೆ ಅದರ ಜೊತೆ ಯಾರಿರುತ್ತಾರೆ?

ಹೊರಮಾವು ಆರನೇ ಮಹಡಿ

ಡಾಕ್ಟ್ರೇ, ನೇರವಾಗಿ ಕೇಳಿದ್ದಕ್ಕೆ ಥ್ಯಾಂಕ್ಸ್. ಯಜಮಾನರು ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ. ಉಳಿದ ದಿನ ಅತ್ತೆ ಇರುತ್ತಾರೆ. ಅತ್ತೆಗೆ ನಾಯಿ ಮನೆಯೊಳಗೆ ಬರುವುದು ಅಷ್ಟಾಗಿ ಇಷ್ಟವಿಲ್ಲ. "ನಮ್ಮ ಕಾಲದಲ್ಲಿ ಹಟ್ಟಿಯ ಆಚೆ ಇರ್ತಿತ್ತು, ಈಗ ಸೋಫಾ ಮೇಲೆ" ಅನ್ನುತ್ತಾರೆ.

ಇನ್ನೊಂದು ತೊಂದರೆ. ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಒಬ್ಬರು, ಇಲ್ಲಿ ನಾಯಿ ಸಾಕುವಂತಿಲ್ಲ, ಸಾಕಿದರೂ ಲಿಫ್ಟಿನಲ್ಲಿ ಕರೆದೊಯ್ಯುವಂತಿಲ್ಲ ಅಂತ ಹಾಕಿದ್ದಾರೆ. ಆರು ಮಹಡಿ ಹತ್ತಿಸುವುದು ಹೇಗೆ?

ಬನಶಂಕರಿ, ಸಂಘದ ಕಾರ್ಯದರ್ಶಿ

ನಾನು ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಈ ಜಗಳ ಬಿಡಿಸಿ ಬಿಡಿಸಿ ಇದರ ಕಾಗದಪತ್ರವೆಲ್ಲಾ ಓದಿದ್ದೇನೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಅದರ ಪ್ರಕಾರ ನಿವಾಸಿಗಳ ಸಂಘ ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ, ಬಹುಮತದಿಂದ ನಿರ್ಣಯ ಮಾಡಿದರೂ ಇಲ್ಲ. ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ. ಬೊಗಳುತ್ತದೆ ಅನ್ನುವ ಒಂದೇ ಕಾರಣಕ್ಕೆ ಮನೆ ಬಿಡಿಸುವಂತಿಲ್ಲ.

ಆದರೆ ಅದೇ ಕಾಗದದಲ್ಲಿ ಸಾಕುವವರಿಗೂ ಮಾತಿದೆ. ಹೊರಗೆ ಬರುವಾಗ ಬೆಲ್ಟ್ ಹಾಕಿ, ಗಲೀಜು ಮಾಡಿದರೆ ನೀವೇ ಎತ್ತಿ, ಲಸಿಕೆ ತಪ್ಪಿಸಬೇಡಿ. ಪಾಲಿಕೆಯ ಲೈಸೆನ್ಸನ್ನೂ ಮಾಡಿಸಿಕೊಳ್ಳಿ. ಅದಕ್ಕೆ ರೇಬಿಸ್ ಲಸಿಕೆಯ ಪತ್ರ ಬೇಕು. ಹಕ್ಕಿನ ಭಾಗವನ್ನು ಮಾತ್ರ ಗ್ರೂಪಿಗೆ ಹಾಕಿ, ಪಾರ್ಕಿಂಗಿನಲ್ಲಿ ಬಿದ್ದದ್ದನ್ನು ಎತ್ತದೆ ಹೋದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಹನುಮಂತನಗರ, ನಾಯಿ ಇಲ್ಲದವಳು

ನಾನು ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ನನಗೆ ನಾಯಿ ಅಂದರೆ ಭಯ. ಚಿಕ್ಕವಳಿದ್ದಾಗ ಬೀದಿ ನಾಯಿ ಕಾಲಿಗೆ ಕಚ್ಚಿತ್ತು. ಈಗಲೂ ಲಿಫ್ಟಿನ ಬಾಗಿಲು ತೆರೆದು ಒಳಗೆ ನಾಯಿ ಕಂಡರೆ ಮೈ ಬೆವರುತ್ತದೆ. ಆಗ ಎಲ್ಲರೂ ಹೇಳುವುದು ಒಂದೇ ಮಾತು: "ಏನೂ ಮಾಡಲ್ಲ ಬನ್ನಿ." ಅದು ಏನೂ ಮಾಡುವುದಿಲ್ಲ ಅಂತ ನಿಮಗೆ ಗೊತ್ತು. ನನ್ನ ಕಾಲಿಗೆ ಗೊತ್ತಿಲ್ಲವಲ್ಲ.

ನಿಮ್ಮ ಕತೆಗಳನ್ನೆಲ್ಲಾ ಓದಿದೆ. ಚಿನ್ನುವಿನ ಜಾಗಟೆ, ರಾಜಾನ ಲೆಕ್ಕದ ಪಾಠ ಎರಡೂ ಬಹಳ ಚೆನ್ನಾಗಿವೆ. ನಾಯಿ ಬೇಡ ಅನ್ನುತ್ತಿಲ್ಲ. ನನ್ನ ಭಯವನ್ನೂ ಸ್ವಲ್ಪ ಲೆಕ್ಕಕ್ಕೆ ಇಟ್ಟುಕೊಳ್ಳಿ ಅಂತ ಅಷ್ಟೇ.

ಮಲ್ಲೇಶ್ವರಂ ಅಡ್ಡರಸ್ತೆ

ಖಂಡಿತ ಬರೆಯಬೇಕು ಮೇಡಂ. ನೀವು ಹೇಳಿದ್ದು ನನಗೆ ಪೂರ್ತಿ ಒಪ್ಪಿಗೆ. ನಮ್ಮ ಕಟ್ಟಡದಲ್ಲಿ ಒಂದು ಪದ್ಧತಿ ಇದೆ, ಬೇರೆಯವರೂ ಮಾಡಬಹುದು. ನಾಯಿ ಜೊತೆ ಇರುವವರು ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಮೊದಲು ಕೇಳುತ್ತೇವೆ. ಅವರು ಹಿಂಜರಿದರೆ ಮುಂದಿನ ಲಿಫ್ಟ್. ಒಳಗಿದ್ದರೆ ನಾಯಿ ಮೂಲೆಯಲ್ಲಿ, ನಾವು ಅದರ ಮುಂದೆ, ಬೆಲ್ಟ್ ಗಿಡ್ಡ. ಚಿನ್ನು ಈಗ ಲಿಫ್ಟ್ ಒಳಗೆ ಹೋದ ಕೂಡಲೇ ತಾನೇ ಮೂಲೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂರುತ್ತಾಳೆ.

ಪಶುವೈದ್ಯೆ, ಹೆಬ್ಬಾಳದಲ್ಲಿ ಓದಿದವಳು

ಭಯ ಇರುವವರಿಗೂ, ಮಕ್ಕಳಿರುವ ಮನೆಯವರಿಗೂ ಒಂದು ಮಾತು. ಬಾಲ ಅಲ್ಲಾಡಿಸಿದ ನಾಯಿಯೆಲ್ಲಾ ಖುಷಿಯಲ್ಲಿದೆ ಅಂತಲ್ಲ. ಮೈ ಬಿಗಿದುಕೊಂಡು, ಬಾಲ ನೆಟ್ಟಗೆ ಎತ್ತಿ ಸಣ್ಣಗೆ ಅಲ್ಲಾಡಿಸಿದರೆ ದೂರ ಇರಿ. ನಿದ್ದೆ ಇಲ್ಲದೆ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ಆಚೆ ತಿರುಗಿಸುವುದು, ಇವು "ನನಗೆ ಇಷ್ಟವಾಗುತ್ತಿಲ್ಲ" ಅನ್ನುವ ಸೂಚನೆ. ಮಕ್ಕಳು ಕುತ್ತಿಗೆ ತಬ್ಬಿಕೊಂಡಾಗ ಎಷ್ಟೋ ನಾಯಿಗಳು ಹೀಗೇ ಮಾಡುತ್ತವೆ. ನಾವು ಫೋಟೋ ತೆಗೆಯುತ್ತಿರುತ್ತೇವೆ.

ಯಾವುದೇ ನಾಯಿ ಕಚ್ಚಿದರೂ, ರಕ್ತ ಬರುವಂತೆ ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಏನೂ ಹಾಕಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಸ್ನಾಯುವಿಗೆ ಕೊಡುವ ಚುಚ್ಚುಮದ್ದಾದರೆ 0, 3, 7, 14, 28ನೇ ದಿನ. ಅರ್ಧಕ್ಕೆ ಬಿಡಬಾರದು. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಸುವುದು ಅಸಾಧ್ಯ ಅನ್ನುವಷ್ಟು ಕಷ್ಟ. ಲಸಿಕೆ ಹಾಕಿಸಿದರೆ ಪೂರ್ತಿ ತಡೆಯಬಹುದಾದ ಕಾಯಿಲೆಯೂ ಹೌದು.

ಗಿರಿನಗರದ ಕೆಂಚನ ಮನೆ

ಡಾಕ್ಟ್ರೇ, ಒಂದು ಅನುಮಾನ. ಕೆಂಚ ತಪ್ಪು ಮಾಡಿದರೆ ಮುಖ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಸದ ಡಬ್ಬಿ ಬೀಳಿಸಿದ ದಿನ ಕಿವಿ ಹಿಂದಕ್ಕೆ, ಕಣ್ಣು ಓರೆ, ಬಾಲ ಕಾಲ ನಡುವೆ. ಅವನಿಗೆ ತಪ್ಪು ಅಂತ ಗೊತ್ತಿದೆ ಅಲ್ವಾ?

ಇನ್ನೊಂದು, ಊಟ. ಅಮ್ಮ ರಾಗಿ ಮುದ್ದೆ, ಮೊಸರನ್ನ ಕೊಡುತ್ತಾರೆ. ಅಂಗಡಿಯ ಒಣ ಕಾಳಿನಂಥದ್ದೇ ಕೊಡಬೇಕು ಅಂತ ಕೆಲವರು ಹೇಳುತ್ತಾರೆ.

ಪಶುವೈದ್ಯೆ, ಹೆಬ್ಬಾಳದಲ್ಲಿ ಓದಿದವಳು

ಆ ಮುಖ ತಪ್ಪಿನ ಅರಿವಿನದ್ದಲ್ಲ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ವಿಜ್ಞಾನಿ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ತಪ್ಪು ಮಾಡದ ನಾಯಿಯನ್ನು ಗದರಿದರೂ ಅದೇ ಮುಖ ಬಂತು. ತಪ್ಪು ಮಾಡಿದೆಯೋ ಇಲ್ಲವೋ ಅನ್ನುವುದರಿಂದ ವ್ಯತ್ಯಾಸ ಆಗಲಿಲ್ಲ. ಅಂದರೆ ಕೆಂಚ ನೋಡುತ್ತಿರುವುದು ಕಸದ ಡಬ್ಬಿಯನ್ನಲ್ಲ, ನಿಮ್ಮ ಹುಬ್ಬನ್ನು. ನೀವೇ ಮೊದಲು ಹೇಳಿದಿರಲ್ಲ, ನಾವು ಅದನ್ನು ನೋಡುವುದಕ್ಕಿಂತ ಜಾಸ್ತಿ ಅದು ನಮ್ಮನ್ನು ನೋಡುತ್ತದೆ ಅಂತ. ಅದಕ್ಕೇ ಗಂಟೆಗಳ ಹಿಂದೆ ಮಾಡಿದ್ದಕ್ಕೆ ಈಗ ಬೈಯಬೇಡಿ. ಅದಕ್ಕೆ ಸಂಬಂಧ ತಿಳಿಯುವುದಿಲ್ಲ, ಭಯ ಮಾತ್ರ ಉಳಿಯುತ್ತದೆ.

ಊಟದ ವಿಷಯ. ರಾಗಿ, ಅನ್ನ ತಪ್ಪಲ್ಲ, ಆದರೆ ಅದೇ ಪೂರ್ತಿ ಊಟ ಆಗಬಾರದು. ಮೊಟ್ಟೆ, ಬೇಯಿಸಿದ ಕೋಳಿ ಸೇರಬೇಕು. ಉಪ್ಪು, ಖಾರ ಬೇಡ. ಮಾಂಸ ತರದ ಮನೆಯಾದರೆ ನಿಮ್ಮ ಡಾಕ್ಟರ ಹತ್ತಿರ ಕೂತು ಲೆಕ್ಕ ಹಾಕಿಸಿಕೊಳ್ಳಿ. ಬೇಯಿಸಿದ ಮೂಳೆ ಕೊಡಬೇಡಿ, ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ.

ನಮ್ಮ ಮನೆಗಳಲ್ಲಿ ನಿಜವಾದ ಅಪಾಯ ಬೇರೆ ಕಡೆ ಇದೆ. ಹುಳಿ, ಪಲ್ಯದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುತ್ತದೆ. ಬೇಯಿಸಿದರೂ ಅದು ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ದ್ರಾಕ್ಷಿ ಇನ್ನೂ ಕೆಟ್ಟದ್ದು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯಿಂದ ಬರುವ ನಮ್ಮ ನೀಲಿ ದ್ರಾಕ್ಷಿ ಆಗಲಿ, ಪಾಯಸಕ್ಕೆ ಹಾಕುವ ಒಣದ್ರಾಕ್ಷಿ ಆಗಲಿ, ಕಿಡ್ನಿ ಕೆಡಿಸುತ್ತದೆ. ಹಬ್ಬದ ದಿನ ಎಲೆಯಲ್ಲಿ ಉಳಿದ ಪಾಯಸವನ್ನು ಪ್ರೀತಿಯಿಂದ ನಾಯಿಗೆ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಚಾಕೊಲೇಟೂ ಬೇಡ.

ಕಸ್ತೂರಬಾ ರಸ್ತೆಯ ಓದುಗ

ಹೊರಮಾವಿನವರ ಅತ್ತೆಯವರಿಗೆ ಒಂದು ವಿಷಯ ಹೇಳಬೇಕು. "ನಮ್ಮ ಕಾಲದಲ್ಲಿ" ಅಂದರಲ್ಲ, ಅದಕ್ಕೂ ಬಹಳ ಹಿಂದಿನದ್ದು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕ್ರಿ.ಶ. 949-50ರದ್ದು. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸುದ್ದಿ ಅದರಲ್ಲಿದೆ. ಆ ಯುದ್ಧದಲ್ಲಿ ಮಣಲೆರ ಅನ್ನುವ ವೀರ ಚೆನ್ನಾಗಿ ಹೋರಾಡಿದ. ಒಡೆಯ ಮೆಚ್ಚಿ, ಏನು ಬೇಕೋ ಬೇಡು ಅಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿ ಪಡೆದ.

ಮುಂದೆ ಬೆಳತೂರಿನ ಬೆಟ್ಟದಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದರು. ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ನಾಯಿ ಮಾಡಿದ ಪಾಪವೆಲ್ಲಾ ಅವನಿಗೆ ಅಂತ ಬರೆಸಿದರು. ಕಲ್ಲಿನ ಮೇಲೆ ಹಂದಿಯನ್ನು ಕಚ್ಚಿ ಹಿಡಿದ ಕಾಳಿಯ ಚಿತ್ರ ಕೆತ್ತಿದ್ದಾರೆ. ನಾಯಿ ಚಿಕ್ಕದು, ಹಂದಿ ದೊಡ್ಡದು, ಹಿಂದೆ ಸರಿದಿಲ್ಲ.

ರಾಜರ ಯುದ್ಧದ ಪಕ್ಕದಲ್ಲೇ ಒಂದು ನಾಯಿಯ ಹೆಸರನ್ನು ಕನ್ನಡದಲ್ಲಿ ಕಲ್ಲಿಗೆ ಹಾಕಿದ ನಾಡು ನಮ್ಮದು. ಪ್ರತಿ ಸಲ ನೆನೆದಾಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ವಿಜಯನಗರದ ನಿವೃತ್ತ ಮೇಷ್ಟ್ರು

ಬಹಳ ಒಳ್ಳೆಯ ಮಾತು ಹೇಳಿದಿರಿ. ಎಷ್ಟೋ ವರ್ಷ ಹಳಗನ್ನಡ ಪಾಠ ಮಾಡಿದವನು ನಾನು. ತಕ್ಕೋಲದ ಕಾಳಗವನ್ನು ಹೇಳುವಾಗ ಎಲ್ಲಾ ಮಕ್ಕಳೂ ಕಿವಿ ಕೊಟ್ಟು ಕೇಳುತ್ತಿದ್ದದ್ದು ಕಾಳಿಯ ಭಾಗ ಬಂದಾಗಲೇ.

ಬಾಗಲಕೋಟೆಯಿಂದ ಯಲಹಂಕಕ್ಕೆ

ದೀಪಾವಳಿ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕೆಳಗಿನ ಮನೆಯ ಬೀಗಲ್ ಪಟಾಕಿಗೆ ಹೆದರಿ ಗೇಟು ಹಾರಿ ಹೋಗಿ, ಎರಡು ದಿನ ಎಲ್ಲರೂ ಹುಡುಕಿದೆವು. ಸಿಕ್ಕಿದ್ದು ಜಕ್ಕೂರಿನ ಹತ್ತಿರ. ಕತ್ತಿನ ಪಟ್ಟಿ ಮೇಲೆ ಫೋನ್ ನಂಬರ್ ಇದ್ದದ್ದರಿಂದ ಟೀ ಅಂಗಡಿಯವರು ಕರೆ ಮಾಡಿದರು. ಎಲ್ಲರೂ ಪಟ್ಟಿ ಮೇಲೆ ನಂಬರ್ ಬರೆಸಿ.

ಪಶುವೈದ್ಯೆ, ಹೆಬ್ಬಾಳದಲ್ಲಿ ಓದಿದವಳು

ನಮಗೆ 20,000 ಹರ್ಟ್ಸ್‌ವರೆಗೆ ಕೇಳಿಸಿದರೆ ನಾಯಿಗೆ 45,000 ದಾಟಿ ಕೇಳಿಸುತ್ತದೆ. ಸಣ್ಣ ಸದ್ದೂ ನಮಗಿಂತ ದೂರದಿಂದ ಕೇಳಿಸುತ್ತದೆ. ಆನೆ ಪಟಾಕಿಯ ಸದ್ದು ಅದಕ್ಕೆ ಹೇಗಿರಬಹುದು ಯೋಚಿಸಿ. 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಗೆ ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ, ಅದೂ ಹಸಿರು ಪಟಾಕಿ ಅಂತ ಹೇಳಿದೆ. ಬೀದಿಯಲ್ಲಿ ಪಾಲಿಸುವುದು ನಮ್ಮ ಕೈಯಲ್ಲೇ ಇದೆ.

ಕತ್ತಲಾಗುವ ಮೊದಲೇ ಓಡಾಡಿಸಿ ತನ್ನಿ. ಒಳಗಿನ ಕೋಣೆ, ಕಿಟಕಿ ಮುಚ್ಚಿ, ಫ್ಯಾನ್ ಜೋರು. ಮಂಚದ ಕೆಳಗೆ ನುಗ್ಗಿದರೆ ಎಳೆಯಬೇಡಿ. ಪಕ್ಕ ಕೂರಿ, ಮೈ ಸವರಿ. ಮುದ್ದು ಮಾಡಿದರೆ ಭಯ ಹೆಚ್ಚಾಗುತ್ತದೆ ಅನ್ನುವುದು ಸುಳ್ಳು.

ಮಳೆಗಾಲದ್ದೂ ಹೇಳಿಬಿಡುತ್ತೇನೆ. ಉಣ್ಣಿ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಕತ್ತಿನ ಪಟ್ಟಿಯ ಕೆಳಗೆ ದಿನಾ ಬೆರಳಾಡಿಸಿ ನೋಡಿ. ಸಿಕ್ಕರೆ ಹಿಸುಕಬೇಡಿ, ಚಿಮಟದಿಂದ ಚರ್ಮಕ್ಕೆ ಹತ್ತಿಸಿ ಹಿಡಿದು ನೇರವಾಗಿ ಎಳೆಯಿರಿ. ಊಟ ಬಿಟ್ಟರೆ, ಜ್ವರ ಇದ್ದರೆ, ಮೂಗಿನಿಂದ ರಕ್ತ ಬಂದರೆ ಅದು ಉಣ್ಣಿ ಜ್ವರ ಇರಬಹುದು. ನಾಳೆ ನೋಡೋಣ ಅನ್ನಬೇಡಿ, ರಕ್ತ ಪರೀಕ್ಷೆ ಮಾಡಿಸಿ. ನಾಯಿಯ ಮೈ ಬಿಸಿ ಸಾಮಾನ್ಯವಾಗಿಯೇ 101ರಿಂದ 102.5 ಫ್ಯಾರನ್‌ಹೀಟ್ ಇರುತ್ತದೆ. ಕೈಯಲ್ಲಿ ಮುಟ್ಟಿ ಜ್ವರ ಹೇಳಲು ಆಗುವುದಿಲ್ಲ.

ಹೊರಮಾವು ಆರನೇ ಮಹಡಿ

ಎಲ್ಲರಿಗೂ ಒಂದು ಸುದ್ದಿ. ಹಸ್ಕಿ ವಿಷಯ ಮಗನೇ ಬಿಟ್ಟ. ಬಿಸಿಲಿನ ಮಾತು ಅವನ ಮನಸ್ಸಿಗೆ ತಟ್ಟಿದೆ. "ಅದಕ್ಕೆ ಸೆಖೆ ಆಗತ್ತೆ ಅಂದ್ರೆ ಬೇಡ ಅಮ್ಮ" ಅಂದ.

ನಿನ್ನೆ ಎಲ್ಲರೂ ನಾಯಿಗಳ ಆಶ್ರಯ ಕೇಂದ್ರಕ್ಕೆ ಹೋಗಿದ್ದೆವು. ಎರಡು ವರ್ಷದ ಒಂದು ನಾಟಿ ಹೆಣ್ಣು ನಾಯಿ, ಕಪ್ಪು ಬಿಳುಪು. ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಎಲ್ಲಾ ಆಗಿದೆ. ಮಗ ಕರೆದರೂ ಬರಲಿಲ್ಲ. ಅತ್ತೆ ದೂರದ ಕಲ್ಲುಬೆಂಚಿನ ಮೇಲೆ ಸೆರಗು ಹೊದ್ದು ಕೂತಿದ್ದರು, ಯಾರನ್ನೂ ಕರೆಯಲಿಲ್ಲ. ಅದು ಎಲ್ಲರನ್ನೂ ಬಿಟ್ಟು ಹೋಗಿ ಅವರ ಕಾಲ ಪಕ್ಕ, ಮುಟ್ಟದ ಹಾಗೆ, ಕೂತಿತು. ಅತ್ತೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾಲು ಸ್ವಲ್ಪ ಸರಿಸಿ ಅದಕ್ಕೆ ನೆರಳು ಬಿಟ್ಟುಕೊಟ್ಟರು. ವಾಪಸ್ ಬರುವಾಗ ಕಾರಿನಲ್ಲಿ, "ಕಾಳಿ ಅಂತಲೇ ಕರೆಯೋಣ" ಅಂದರು. ಶಾಸನದ ಕತೆ ನಾನು ಓದಿ ಹೇಳಿದ್ದೆ.

ಮುಂದಿನ ಶನಿವಾರ ಕರೆತರುತ್ತೇವೆ. ಮೊದಲ ಕೆಲವು ದಿನ ಏನು ಮಾಡಬೇಕು, ಏನು ಮಾಡಬಾರದು ಹೇಳಿ.

ಗಿರಿನಗರದ ಕೆಂಚನ ಮನೆ

ಓದಿ ಬಹಳ ಸಂತೋಷವಾಯಿತು. ಕೆಂಚನನ್ನೂ ಹೀಗೇ ದೊಡ್ಡವನಾದ ಮೇಲೆ ತಂದದ್ದು. ಮೊದಲ ದಿನಗಳಲ್ಲಿ ಊಟ ಕಮ್ಮಿ ಮಾಡಿದರೆ, ಮೂಲೆ ಹಿಡಿದರೆ ಹೆದರಬೇಡಿ. ಸುಮ್ನೆ ಬಿಡಿ. ಮೂರು ದಿನ ಗಾಬರಿ, ಮೂರು ವಾರ ಅಭ್ಯಾಸ, ಮೂರು ತಿಂಗಳಿಗೆ ಮನೆಯವರು ಅಂತ ನಾಯಿ ಸಾಕುವವರು ಹೇಳುವುದುಂಟು. ಅದೇ ಕೇಂದ್ರದಲ್ಲಿ ಕೊಡುತ್ತಿದ್ದ ಊಟವನ್ನೇ ಮೊದಲು ಕೊಡಿ, ಆಮೇಲೆ ಸ್ವಲ್ಪ ಸ್ವಲ್ಪ ಬದಲಿಸಿ. ನೆಂಟರನ್ನು, ಮಗನ ಗೆಳೆಯರನ್ನು ಮೊದಲ ವಾರ ಕರೆಯಬೇಡಿ.

ಪಶುವೈದ್ಯೆ, ಹೆಬ್ಬಾಳದಲ್ಲಿ ಓದಿದವಳು

ಬಾಲ್ಕನಿಗೆ ಮೊದಲು ಬಲೆ ಹಾಕಿಸಿ, ಆಮೇಲೆ ನಾಯಿ ತನ್ನಿ. ಆರನೇ ಮಹಡಿ ಅದು. ಮಲಗುವ ಜಾಗ ಬಾಗಿಲು ಕಾಣುವ ಕಡೆ, ಓಡಾಡುವ ದಾರಿ ಬಿಟ್ಟು. ಮೊದಲ ದಿನದಿಂದಲೇ ಐದು ನಿಮಿಷ, ಹತ್ತು ನಿಮಿಷ ಒಂಟಿಯಾಗಿ ಬಿಟ್ಟು ಅಭ್ಯಾಸ ಮಾಡಿಸಿ. ವಾರಗಟ್ಟಲೆ ಜೊತೆಯಲ್ಲೇ ಇದ್ದು ಒಮ್ಮೆಲೇ ಎಲ್ಲರೂ ಹೊರಟರೆ ಅದಕ್ಕೆ ತಡೆಯಲು ಆಗುವುದಿಲ್ಲ. ಓಡಾಡಿಸುವಾಗ ಮೂಸಲು ಬಿಡಿ, ಅವಸರ ಮಾಡಬೇಡಿ. ಬೆಲ್ಟ್ ಅತ್ತೆಯವರ ಕೈಯಲ್ಲಿ ಬೇಡ, ಎಳೆದರೆ ಅವರು ಬೀಳುತ್ತಾರೆ. ಊಟದ ತಟ್ಟೆ ಮಾತ್ರ ಅವರೇ ಇಡಲಿ.

ಹೊರಮಾವು ಆರನೇ ಮಹಡಿ

ಬಲೆಯವರು ಗುರುವಾರ ಬರುತ್ತಾರೆ. ತಟ್ಟೆ ಅತ್ತೆ ಆಗಲೇ ತೆಗೆದಿಟ್ಟಿದ್ದಾರೆ, ಸ್ಟೀಲಿನದ್ದು, ನಮ್ಮ ಯಜಮಾನರು ಚಿಕ್ಕಂದಿನಲ್ಲಿ ಉಣ್ಣುತ್ತಿದ್ದದ್ದು.